ಯಾರಿಂದ ಫೋನ್ ಮಾಡಿಸೋಣ?

ನಮ್ಮ ತೀರ್ಥಹಳ್ಳಿ ಕಡೆ ಯಾರನ್ನಾದರೂ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಸೇರಿಸಿದರೆ ನೆಂಟರು ಕೇಳುವ ಮೊದಲ ಪ್ರಶ್ನೆ, ‘ಏನಾಯ್ತು?’ ಎರಡನೆಯದು, ‘ಅಲ್ಲಿ ಯಾರಾದ್ರೂ ಪರಿಚಯದೋರು ಇದ್ದಾರಾ?’ ಮೊದಲನೆಯದಕ್ಕೆ ಉತ್ತರ ಸ್ಕ್ಯಾನಿಂಗ್ ರಿಪೋರ್ಟ್ ಬಂದಮೇಲೆ. ಎರಡನೆಯದಕ್ಕೆ ಮಾತ್ರ ಕಾರು ಮಂಡಗದ್ದೆ ದಾಟುವುದರೊಳಗೆ ಉತ್ತರ ಸಿಕ್ಕಿರಬೇಕು.

ನಮ್ಮ ಚಿಕ್ಕಪ್ಪನನ್ನು ನಾಲ್ಕು ದಿನ ಇಟ್ಟುಕೊಂಡ ಆಸ್ಪತ್ರೆಯ ಹೆಸರು ಬೇಡ. ಬಿಲ್ ಬಂತು, 1,84,600 ರೂಪಾಯಿ. ಒಂದೇ ಹಾಳೆ. ಅದರಲ್ಲಿ ‘ಇತರೆ’ ಅನ್ನುವ ಒಂದು ಸಾಲು ಉಳಿದೆಲ್ಲ ಸಾಲುಗಳಿಗಿಂತ ದಪ್ಪಗಿತ್ತು. ಅಡಿಕೆ ಮಂಡಿಯಲ್ಲಿ ನಾವು ಮಾರುವವರು, ರೇಟು ಹೇಳುವುದು ಕೊಳ್ಳುವವರು. ಆಸ್ಪತ್ರೆಯಲ್ಲಿ ನಾವು ಕೊಳ್ಳುವವರು, ರೇಟು ಹೇಳುವುದು ಮಾರುವವರು. ಬೆಳೆಗಾರನ ಜಾತಕ ಹಾಗೇ ಇರಬೇಕು ಅಂತ ಸುಮ್ಮನಾದೆವು. ಚಿಕ್ಕಮ್ಮ ಆಗಲೇ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದರು, ಸರ ಇನ್ನೂ ಇದೆಯಾ ಅಂತ.

ಸರಿ, ಫೋನ್ ಶುರುವಾಯಿತು. ಇದರಲ್ಲೊಂದು ದರಪಟ್ಟಿ ಇದೆ, ಎಲ್ಲೂ ಬರೆದಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠ. ಪಂಚಾಯ್ತಿ ಮೆಂಬರ್ ಫೋನ್ ಮಾಡಿದರೆ ‘ನೋಡೋಣ’ ಅನ್ನುತ್ತಾರೆ. ಸೊಸೈಟಿ ಅಧ್ಯಕ್ಷರು ಮಾಡಿದರೆ ಕೂರಲು ಕುರ್ಚಿ ಕೊಡುತ್ತಾರೆ. ಪಕ್ಷದ ಮುಖಂಡರು ಮಾಡಿದರೆ ದುಡ್ಡೇ ಕಡಿಮೆಯಾಗುತ್ತದೆ. ನಮಗೆ ಒಬ್ಬ ಮುಖಂಡರು ಸಿಕ್ಕರು. ಅವರ ಎರಡು ನಿಮಿಷದ ಫೋನಿಗೆ 9,000 ರೂಪಾಯಿ ಇಳಿಯಿತು. ಆ 9,000 ಯಾವುದರದ್ದು, ಔಷಧಿಯದ್ದಾ, ಹಾಸಿಗೆಯದ್ದಾ ಅಂತ ಕೇಳಿದೆ. ‘ಅದೆಲ್ಲ ಯಾಕೆ ಸಾರ್, ಕಡಿಮೆ ಆಯ್ತಲ್ಲ’ ಎಂದರು ಕೌಂಟರಿನವರು. ಸಂಜೆ ಮುಖಂಡರೇ ಬಂದು, ಚಿಕ್ಕಪ್ಪನ ಕೈಗೆ ಎರಡು ಸೇಬು ಕೊಟ್ಟು ಫೋಟೋ ತೆಗೆಸಿಕೊಂಡರು. ಡ್ರಿಪ್ ಹಾಕಿದ್ದ ಕೈಗೇ ಕೊಟ್ಟರು, ಫೋಟೋಗೆ ಆ ಕಡೆಯಿಂದ ಬೆಳಕು ಚೆನ್ನಾಗಿತ್ತಂತೆ.

ಹೊರಗೆ ಬಂದು ಕಾಫಿಗೆ ಚಿಲ್ಲರೆ ಹುಡುಕುವಾಗ ಕಂಡದ್ದು ಆ ಬೋರ್ಡು. ರಿಸೆಪ್ಷನ್ನಿನ ಪಕ್ಕ ಒಂದು ದೊಡ್ಡ ಪ್ಲಾಸ್ಟಿಕ್ ಗಿಡ, ಅದರ ಹಿಂದೆ. ಎಲೆ ಸರಿಸಿದರೆ ‘ರೋಗಿಗಳ ಹಕ್ಕುಗಳು’. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು. ಅದಕ್ಕೆ ತಿದ್ದುಪಡಿ ತರಲು ಹೊರಟಾಗ, 2017ರ ನವೆಂಬರಿನಲ್ಲಿ, ಖಾಸಗಿ ವೈದ್ಯರು ರಾಜ್ಯದ ಉದ್ದಗಲಕ್ಕೂ ಮುಷ್ಕರ ಹೂಡಿದ್ದು ನೆನಪಿದೆಯಲ್ವಾ? ಅಷ್ಟೆಲ್ಲ ರಂಪವಾಗಿ ಹುಟ್ಟಿದ ಮಾತುಗಳು ಅವು. ದರ ಜನರಿಗೆ ಕಾಣುವಂತೆ ಹಾಕಬೇಕು. ರೋಗಿ ತೀರಿಕೊಂಡರೆ ಬಾಕಿ ಇದೆ ಅಂತ ಶವ ಹಿಡಿದಿಟ್ಟುಕೊಳ್ಳುವಂತಿಲ್ಲ. ದೂರಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರವಿದೆ. ಕಾಯ್ದೆ ಬೋರ್ಡು ಹಾಕಬೇಕು ಅಂದಿದೆ, ಹಾಕಿದ್ದಾರೆ. ಗಿಡ ಇಡಬಾರದು ಅಂತ ಎಲ್ಲೂ ಹೇಳಿಲ್ಲ.

ಇದೆಲ್ಲ ನನಗೆ ಮೊದಲೇ ಗೊತ್ತಿರಬೇಕಿತ್ತು, ನಿಜ. ನಮ್ಮೂರ ಶಾಲೆಯಲ್ಲೇ ಒಮ್ಮೆ ಕಾನೂನು ಅರಿವು ಕಾರ್ಯಕ್ರಮ ನಡೆದಿತ್ತು. ಪ್ರಾರ್ಥನೆ, ಸ್ವಾಗತ, ದೀಪ, ಎಂಟು ಜನರಿಗೆ ಹಾರ, ಪ್ರಾಸ್ತಾವಿಕ ನುಡಿ. ಕಾನೂನಿನ ಸರದಿ ಬರುವಾಗ ಪಲಾವ್ ಆರುತ್ತಿತ್ತು. ‘ಸಮಯದ ಅಭಾವದಿಂದ’ ಕಾನೂನನ್ನು ಕೈಬಿಟ್ಟು ವಂದನಾರ್ಪಣೆ ಮಾಡಿದರು. ಎಲ್ಲರಿಗೂ ಒಂದು ಕರಪತ್ರ ಸಿಕ್ಕಿತು. ನಮ್ಮ ಮನೆಯಲ್ಲಿ ಅದನ್ನು ಉಪ್ಪಿನಕಾಯಿ ಭರಣಿಯ ಕೆಳಗೆ ಹಾಕಿದ್ದೆವು.

ಬಾಕಿ ಹಣಕ್ಕೆ ಸರ ಅಡ ಇಡುವುದು, ಸಂಘದಲ್ಲಿ ಸಾಲ ಎತ್ತುವುದು ಅಂತ ಲೆಕ್ಕ ಹಾಕಲು ಚಿಕ್ಕಮ್ಮ ಮನೆಗೆ ಹೋದರು. ಭರಣಿ ಎತ್ತಿದರು. ಎಣ್ಣೆ ಹತ್ತದ ಜಾಗದಲ್ಲಿ ಒಂದು ನಂಬರ್ ಉಳಿದಿತ್ತು: 15100. ಕಾನೂನು ಸೇವೆಗಳ ಸಹಾಯವಾಣಿ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಇಷ್ಟು ವರ್ಷ ಚಿಕ್ಕಮ್ಮನ ಸಹಿ ಬೇಕಾಗಿದ್ದದ್ದು ಸಂಘದ ಸಾಲದ ಪುಸ್ತಕಕ್ಕೆ ಮಾತ್ರ. ಆಸ್ಪತ್ರೆಗೆ ವಾಪಸು ಬಂದು ಹೇಳಿದರೆ, ‘ಪುಕ್ಸಟ್ಟೆ ಲಾಯರ್ ಎಂತ ಕಡಿದು ಹಾಕ್ತಾರೆ?’ ಎಂದರು ಮಲಗಿದ್ದಲ್ಲಿಂದಲೇ ಚಿಕ್ಕಪ್ಪ. ‘ನೀವು ಸುಮ್ನೆ ಮಲ್ಕೊಳಿ ಮಾರಾಯ್ರೆ’ ಎಂದರು ಚಿಕ್ಕಮ್ಮ.

ಫೋನಿನಲ್ಲಿ ಸಿಕ್ಕ ಸಲಹೆ ಸಣ್ಣದು. ‘ಇತರೆ’ ಅನ್ನುವುದನ್ನು ಬಿಡಿಸಿ, ಒಂದೊಂದು ಐಟಂ ಬರೆದ ಬಿಲ್ ಕೇಳಿ, ಬಾಯಲ್ಲಲ್ಲ, ಬರೆದು ಕೇಳಿ. ಚಿಕ್ಕಮ್ಮ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ನಕಲಿಗೆ ಸೀಲು ಹಾಕಿಸಿಕೊಂಡರು. ಮರುದಿನ ಆರು ಹಾಳೆ ಬಂತು. ನಾಲ್ಕು ದಿನಕ್ಕೆ 210 ಜೊತೆ ಗ್ಲೌಸ್! ಅಷ್ಟು ಗ್ಲೌಸಿದ್ದರೆ ನಮ್ಮೂರಲ್ಲಿ ಅಡಿಕೆ ಸುಲಿಯುವ ಹೆಂಗಸರು ಒಂದು ಸುಗ್ಗಿ ಕಳೆಯುತ್ತಿದ್ದರು. ಚಿಕ್ಕಮ್ಮ ಗ್ಲೌಸಿನ ಸಾಲಿನ ಮೇಲೆ ಬೆರಳಿಟ್ಟು, ಬಾಯಲ್ಲಿ ಏನೂ ಹೇಳದೆ, ಇನ್ನೊಂದು ಬಿಳಿ ಹಾಳೆ ಹೊರಗೆ ತೆಗೆದರು. ‘ಕಂಪ್ಯೂಟರ್ ಮಿಸ್ಟೇಕ್ ಮೇಡಂ’ ಅಂದರು. ಕಂಪ್ಯೂಟರು ಅಲ್ಲೇ ತಪ್ಪು ತಿದ್ದಿಕೊಂಡಿತು, 31,000 ರೂಪಾಯಿಯಷ್ಟು. ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಗ್ರಾಹಕರ ಆಯೋಗದಲ್ಲಿ ಶುಲ್ಕವೂ ಇಲ್ಲ. ಅಲ್ಲಿಗೆ ಹೋಗುವ ಅಗತ್ಯವೇ ಬೀಳಲಿಲ್ಲ. ಮುಖಂಡರಿಗೆ ಮಾತ್ರ ಬೇಜಾರಾಯಿತು, 9,000ದ ಫೋಟೋವನ್ನು ಅವರು ಆಗಲೇ ಸ್ಟೇಟಸ್ಸಿಗೆ ಹಾಕಿಬಿಟ್ಟಿದ್ದರು.

ಸುದ್ದಿ ಊರೆಲ್ಲ ಹಬ್ಬಿತು. ಹೋದ ವಾರ ಕೆಳಗಿನ ಮನೆಯವರು ಬಂದಿದ್ದರು, ಅವರ ಅತ್ತೆಯನ್ನು ಸೇರಿಸಿದ್ದಾರಂತೆ. ಚಿಕ್ಕಮ್ಮ ನಂಬರ್ ಬರೆದುಕೊಟ್ಟರು. ಅವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ದನಿ ತಗ್ಗಿಸಿ ಕೇಳಿದರು:

‘ಈ 15100 ಅನ್ನೋರು ನಿಮಗೆ ಹೇಗೆ ಪರಿಚಯ? ನಮ್ಮ ಪೈಕಿಯೋರಾ?’