ಪಿಯುಸಿ ಆದಮೇಲೆ ಕೆಲಸ ಕಲಿಯೋಕೆ ಜರ್ಮನಿಗೆ ಹೋಗಬೇಕಾ?

ಪರ

ನಮ್ಮ ಗೋಕಾಕ ಕಡೆ ಪಿಯುಸಿ ಮುಗಿದರೆ ಎರಡೇ ದಾರಿ. ಒಂದು ಇಂಜಿನಿಯರಿಂಗ್, ಇನ್ನೊಂದು ಡಿಗ್ರಿ ಮಾಡಿ ಧಾರವಾಡದಲ್ಲಿ ಕೋಚಿಂಗ್. ಪಿಎಸ್‌ಐ ಆಗ್ತೀನಿ ಅಂತ ಅಲ್ಲಿ ರೂಮು ಹಿಡಿದು ಐದು ವರ್ಷ ಕೂತವರು ನಮ್ಮ ಓಣಿಯಲ್ಲೇ ಇದ್ದಾರೆ. ಅದಕ್ಕಿಂತ ಜರ್ಮನಿಯ ಔಸ್‌ಬಿಲ್ಡುಂಗ್ ವಾಸಿ.

ಇದು ಕಾಲೇಜಲ್ಲ, ಕೆಲಸ ಕಲಿಯುವ ತರಬೇತಿ. ವಾರದಲ್ಲಿ ಒಂದೆರಡು ದಿನ ವೃತ್ತಿ ಶಾಲೆ, ಉಳಿದ ದಿನ ಕಂಪನಿಯಲ್ಲಿ ಕೆಲಸ. ಹೆಚ್ಚಿನವು ಎರಡರಿಂದ ಮೂರೂವರೆ ವರ್ಷದವು. ಕಲಿಯುವಾಗಲೇ ಸಂಬಳ. 2025ರಲ್ಲಿ ಸೇರಿದವರಿಗೆ ಮೊದಲ ವರ್ಷ ತಿಂಗಳಿಗೆ ಕನಿಷ್ಠ 682 ಯೂರೋ ಕೊಡಬೇಕು ಅಂತ ಅಲ್ಲಿ ಕಾನೂನೇ ಇದೆ. ನರ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಸಾವಿರ ದಾಟುತ್ತದೆ.

ಡಿಗ್ರಿ ಓದಲು ಹೋಗುವವರ ಕಥೆ ಬೇರೆ. ಒಂದು ವರ್ಷದ ಖರ್ಚಿಗೆ 11,904 ಯೂರೋವನ್ನು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಯಲ್ಲಿ, ಇಟ್ಟು ತೋರಿಸಬೇಕು. ಹತ್ತು ಲಕ್ಷಕ್ಕೂ ಜಾಸ್ತಿ ಆಯಿತು. ಬ್ಯಾಂಕಿಗೆ ಹೋದರೆ, ಅಷ್ಟು ಸಾಲಕ್ಕೆ ಹೊಲ ಒತ್ತೆ ಹಿಡಿಯಲು ಹಿಂದೆಮುಂದೆ ನೋಡುತ್ತಾರೆ. ಸಾಲ ತೀರಿಸದವರ ಆಸ್ತಿಯನ್ನು ಬ್ಯಾಂಕು ಕೋರ್ಟಿಗೆ ಹೋಗದೆ ಹಿಡಿಯಲು ಇರುವ ಸರ್ಫೇಸಿ ಕಾಯ್ದೆಯಲ್ಲಿ ಕೃಷಿ ಜಮೀನನ್ನು ಜಪ್ತಿ ಮಾಡೋಕೆ ಬರೋದಿಲ್ಲವಲ್ಲ, ಅದಕ್ಕೆ. ಊರಲ್ಲಿ ಮನೆ, ಪ್ಲಾಟ್ ಇದ್ದವರಿಗೆ ಸರಿ. ನಾಲ್ಕು ಎಕರೆ ಕಬ್ಬಿನವರು ಏನು ಮಾಡಬೇಕು?

ಜರ್ಮನಿಗೂ ಕೈಗಳು ಬೇಕು. ನುರಿತ ಕೆಲಸಗಾರರಾಗಿ ಬರುವ ಭಾರತೀಯರಿಗೆ ವರ್ಷಕ್ಕೆ ಕೊಡುವ ವೀಸಾವನ್ನು 20 ಸಾವಿರದಿಂದ 90 ಸಾವಿರಕ್ಕೆ ಏರಿಸುತ್ತೇವೆ ಅಂತ 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಹೇಳಿತು. ತರಬೇತಿ ಅಲ್ಲೇ ಮುಗಿಸಿದವರು ಆಮೇಲೆ ಎರಡು ವರ್ಷ ಆ ಕೆಲಸ ಮಾಡಿದರೆ, ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಹತ್ತೊಂಬತ್ತಕ್ಕೆ ಹೋದ ಹುಡುಗಿ ಇಪ್ಪತ್ತೈದಕ್ಕೆ ತನ್ನ ಕಾಲ ಮೇಲೆ ನಿಂತಿರುತ್ತಾಳೆ. ಧಾರವಾಡದ ರೂಮಿನಲ್ಲಿ ಆ ವಯಸ್ಸಿಗೆ ಇನ್ನೂ ನೋಟಿಫಿಕೇಶನ್ ಕಾಯುತ್ತಿರುತ್ತಾರೆ.

ವಿರೋಧ

ಸಂಬಳದ ಲೆಕ್ಕ ಸರಿ ಇದೆ. ಭಾಷೆಯ ಲೆಕ್ಕ ಮಾತ್ರ ಯಾರೂ ಹಾಕೋದಿಲ್ಲ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಸೂಪರ್‌ವೈಸರ್. ಹೋದ ವರ್ಷ ಅಕ್ಕನ ಮಗ ಬಂದು, "ಮಾಮಾ, ಏಜೆಂಟ್ ಎಲ್ಲಾ ಮಾಡಿಸಿಕೊಡ್ತಾನ, ನಾಕು ಲಕ್ಷ ಅಂತ" ಅಂದ. ತರಬೇತಿ ಜಾಗಗಳ ಪಟ್ಟಿಯನ್ನು ಜರ್ಮನಿಯ ಉದ್ಯೋಗ ಇಲಾಖೆಯೇ ಪುಕ್ಕಟೆ ಕೊಡುತ್ತದೆ. 'ಮೇಕ್ ಇಟ್ ಇನ್ ಜರ್ಮನಿ' ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ವೀಸಾದ ವಿವರವೆಲ್ಲ ಇದೆ. ಮತ್ತೆ ನಾಲ್ಕು ಲಕ್ಷ ಯಾತಕ್ಕೆ?

ಏಜೆಂಟನ ಕೈಲಿ ಆಗದ ಕೆಲಸ ಒಂದೇ, ಭಾಷೆ ಕಲಿಯೋದು. ಸಾಮಾನ್ಯವಾಗಿ ಬಿ1 ಮಟ್ಟ ಬೇಕು, ಅಂದರೆ ಭಾಷೆ ಕಲಿಕೆಯ ಮೂರನೇ ಮೆಟ್ಟಿಲು. ಮೊದಲೆರಡು ಮೆಟ್ಟಿಲು ಎ1, ಎ2 ಹತ್ತಿ ಅಲ್ಲಿಗೆ ಹೋಗಲು ಸುಮಾರು ಒಂದು ವರ್ಷ ಬೇಕು, ಅದೂ ದಿನಾ ಕೂತು ಓದಿದರೆ. ಬಿ1 ಪಾಸಾಗಿ ಹೋದರೂ ಅಲ್ಲಿನ ಫೋರ್‌ಮನ್ ಕ್ಲಾಸಿನ ಜರ್ಮನ್ ಮಾತಾಡಲ್ಲ. ಬೆಂಗಳೂರಿನಿಂದ ಬಂದ ಹುಡುಗರಿಗೆ ನಮ್ಮ ಶಾಪ್ ಫ್ಲೋರಿನ ಕನ್ನಡವೇ ಅರ್ಥ ಆಗಲ್ಲ, ಅಲ್ವಾ? ಕೊನೆಯ ಪರೀಕ್ಷೆಯೂ ಜರ್ಮನ್‌ನಲ್ಲೇ.

ಇನ್ನೊಂದು ಇದೆ, ಏಜೆಂಟರು ಬಾಯಿ ಬಿಡದ್ದು. ಸಾಮಾನ್ಯವಾಗಿ ಮೊದಲ ನಾಲ್ಕು ತಿಂಗಳವರೆಗೆ ಪ್ರೊಬೇಷನ್ ಇರಬಹುದು. ಅಷ್ಟರೊಳಗೆ ಕಂಪನಿ ಕಾರಣ ಹೇಳದೆ ಕಳಿಸಬಹುದು. ಆಮೇಲೆ ಬೇರೆ ಜಾಗ ಹುಡುಕಲು ಹೆಚ್ಚೆಂದರೆ ಆರು ತಿಂಗಳು. ಸಿಗದಿದ್ದರೆ ಗೋಕಾಕ. 682 ಯೂರೋದಲ್ಲಿ ವಿಮೆ ಕಡಿತ, ಬಾಡಿಗೆ, ಊಟ ಕಳೆದರೆ ಮನೆಗೆ ಕಳಿಸೋಕೆ ಏನು ಉಳಿಯುತ್ತದೆ?

ಇಲ್ಲಿ ಏನೂ ಇಲ್ಲ ಅಂತ ಹೇಳುವವರು ಒಮ್ಮೆ ಹತ್ತರಗಿಗೆ ಹೋಗಿ ಬರಲಿ. ನಮ್ಮ ಹುಕ್ಕೇರಿ ತಾಲೂಕಿನಲ್ಲೇ ಏರ್‌ಬಸ್ ವಿಮಾನದ ಬಿಡಿಭಾಗ ತಯಾರಾಗುತ್ತವೆ. ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಯಂತ್ರದ ಮೇಲೆ ಕೈ ಕೂತ ಹುಡುಗ ಬೆಳಗಾವಿಯಲ್ಲಿ ಖಾಲಿ ಕೂರೋದನ್ನ ನಾನಂತೂ ನೋಡಿಲ್ಲ. ಸಂಬಳ ಕಡಿಮೆ, ಅದು ಒಪ್ಪುವ ಮಾತು.

ಅಕ್ಕನ ಮಗ ಏಜೆಂಟನನ್ನು ಬಿಟ್ಟ, ಜರ್ಮನ್ ಬಿಡಲಿಲ್ಲ. ಬಿ1 ಎರಡು ಸಲ ಹೋಯಿತು. ಮೂರನೇ ಸಲ ಬರೆಯಲು ನಿನ್ನೆ ರಾತ್ರಿ ಪುಣೆ ಬಸ್ ಹತ್ತಿದ. ಕಬ್ಬಿನ ಬಿಲ್ ಇನ್ನೂ ಬಂದಿಲ್ಲ ಅಂತ ಅಕ್ಕ ಫೋನ್ ಮಾಡಿದ್ದಳು. ಫೀಸು, ಟಿಕೆಟ್ ನಾನೇ ಕೊಟ್ಟೆ.