ಹೊಸ ನೀರು ಬಂದಾಗ ಗಾಳ ಮ್ಯಾಲಿರಲಿ

ಪ್ರತಿ ವರ್ಷ ಜೂನ್ 15ರ ರಾತ್ರಿ ನಾನು ಟ್ರೆಂಟ್ ನದಿಯ ದಂಡೆಗೆ ಹೋಗುತ್ತೇನೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರನ್ನು ಸವರಿಕೊಂಡು ಹರಿಯುವ ನದಿ ಅದು. ಅಷ್ಟೊತ್ತಿಗಾಗಲೇ ಅಲ್ಲಿ ಹತ್ತಾರು ಜನ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಗಾಳದ ಕೋಲು ಜೋಡಿಸಿ, ಕೊಕ್ಕೆಗೆ ಎರೆ ಕಟ್ಟಿ, ಎಲ್ಲ ತಯಾರಿ ಮುಗಿಸಿರುತ್ತಾರೆ. ಆದರೆ ಒಬ್ಬರೂ ದಾರ ನೀರಿಗೆ ಬಿಟ್ಟಿರುವುದಿಲ್ಲ. ಫ್ಲಾಸ್ಕಿನ ಚಹಾ ಕುಡಿಯುತ್ತಾ ಗಡಿಯಾರ ನೋಡುತ್ತಾರೆ. ಹನ್ನೆರಡು ಹೊಡೆದದ್ದೇ ತಡ, ಕತ್ತಲಲ್ಲಿ ಒಂದರ ಹಿಂದೊಂದು ಗುಳುಂ, ಗುಳುಂ ಅಂತ ತೂಕದ ಗುಂಡು ನೀರಿಗೆ ಬೀಳುವ ಸದ್ದು ಶುರುವಾಗುತ್ತದೆ.

ಇಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಯಲ್ಲಿ ಗಾಳ ಹಾಕುವಂತಿಲ್ಲ. ಟ್ರೌಟ್, ಸಾಲ್ಮನ್ ಮೀನಿಗೆ ಬೇರೆ ತಾರೀಖುಗಳಿವೆ. ಬಾರ್ಬೆಲ್, ಚಬ್, ಪೈಕ್, ರೋಚ್, ಪರ್ಚ್ ಇವೆಲ್ಲಕ್ಕೂ ಈ ಮೂರು ತಿಂಗಳು ರಜೆ. ಮೊಟ್ಟೆ ಇಡುವ ಕಾಲ ಅಂತ. 1878ರಲ್ಲಿ ಶೆಫೀಲ್ಡ್ ಊರಿನ ಸಂಸದ ಮಂಡೆಲ್ಲಾ ಎಂಬುವರು ಈ ಕಾಯ್ದೆ ತಂದರು. ಶೆಫೀಲ್ಡ್ ಅಂದ್ರೆ ಚಾಕು-ಚೂರಿ ಮಾಡುವ ಕಾರ್ಮಿಕರ ಊರು. ವಾರವೆಲ್ಲ ಕುಲುಮೆ ಮುಂದೆ ನಿಂತು, ರಜೆಯ ದಿನ ಹೊಳೆಗೆ ಬಂದು ಕೂರುವ ಜನ ಅವರು.

ಈ ರಾತ್ರಿ ನನಗೆ ಪ್ರತಿ ಸಲವೂ ನಮ್ಮ ಮಾಮಾನ ನೆನಪು ತರುತ್ತದೆ.

ನಮ್ಮೂರು ಬಾಗಲಕೋಟೆ ಜಿಲ್ಲೆಯಲ್ಲಿ ಘಟಪ್ರಭೆಯ ದಂಡೆಯ ಮೇಲಿತ್ತು. ಇತ್ತು ಅಂತಲೇ ಹೇಳಬೇಕು, ಯಾಕಂದ್ರೆ ಅದು ಈಗ ಆಲಮಟ್ಟಿಯ ಹಿನ್ನೀರಿನೊಳಗಿದೆ. ಮಾಮಾ ದಿನದ ಕೆಲಸ ಮುಗಿಸಿ ಸಂಜೆ ಗಾಳ ಹಿಡಿದು ಹೊರಟರೆ ನಾನು ಹಿಂದೆ. ಕೋಲು ಬಿದಿರಿನದು. ಬೆಂಡು ಜೋಳದ ದಂಟಿನದು. ಒಣಗಿದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಹಗುರಾದ ಬಿಳಿ ತಿರುಳು ಸಿಗುತ್ತದಲ್ಲ, ಅದನ್ನೇ ಬೆರಳುದ್ದ ಕತ್ತರಿಸಿ ದಾರಕ್ಕೆ ಕಟ್ಟುತ್ತಿದ್ದ. ಎರೆಗೆ ಗೋಧಿ ಹಿಟ್ಟು, ಶೇಂಗಾ ಹಿಂಡಿ, ಒಂದು ಚೂರು ಬೆಲ್ಲ. ಕಲಸಿ, ಕಲಸಿ, ಕೈಗೆ ಅಂಟದ ಹದಕ್ಕೆ ತರುತ್ತಿದ್ದ. ಇಲ್ಲಿ ಅಂಗಡಿಯಲ್ಲಿ ಬಣ್ಣಬಣ್ಣದ ಗಟ್ಟಿ ಉಂಡೆಗಳು ಡಬ್ಬಿಯಲ್ಲಿ ಸಿಗುತ್ತವೆ. ಮೂಸಿ ನೋಡಿದರೆ ಕೆಲವಕ್ಕೆ ನಮ್ಮ ಹಿಂಡಿಯದೇ ವಾಸನೆ.

ಯಾವ ಮೀನು ನೀರಿನ ಯಾವ ಮಟ್ಟದಲ್ಲಿ ತಿನ್ನುತ್ತದೆ ಅನ್ನೋದು ಮಾಮಾನಿಗೆ ಅದರ ಬಾಯಿ ನೋಡಿಯೇ ತಿಳಿಯುತ್ತಿತ್ತು. ಕಟ್ಲಾದ ಬಾಯಿ ಮೇಲ್ಮುಖ. ಅದು ನೀರಿನ ಮೇಲುಗಡೆ ತಿನ್ನುವ ಮೀನು, ಹಾಗಾಗಿ ಬೆಂಡಿನಿಂದ ಕೊಕ್ಕೆಗೆ ದಾರ ಗಿಡ್ಡ ಬಿಡಬೇಕು. ರೋಹು ನಡುನೀರಿನದು. ಮೃಗಾಲ್ ತಳದ ಕೆಸರು ಕೆದಕುತ್ತದೆ, ಅದಕ್ಕೆ ಎರೆ ನೆಲ ಮುಟ್ಟಬೇಕು. ಅಗಲ ಬಾಯಿಯ, ಹಲ್ಲಿರುವ ಬಾಳೆ ಮೀನು ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಅದಕ್ಕೆ ಕೋಳಿ ಕರುಳು ಅಥವಾ ಜೀವಂತ ಸಣ್ಣ ಮೀನು. ಹಿಟ್ಟಿನ ಕಡೆ ಅದು ತಿರುಗಿಯೂ ನೋಡುವುದಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಕೊರವ. ಹಾವಿನ ತಲೆಯಂಥ ತಲೆ ಇರುವ ಮೀನು. ಇದು ಗಾಳಿ ಕುಡಿಯಲು ಆಗಾಗ ಮೇಲೆ ಬರುತ್ತದೆ, ಅದೇ ಅದರ ಸುಳಿವು. ಆ ಜಾಗ ನೋಡಿಕೊಂಡು ಜೊಂಡಿನ ಅಂಚಿನಲ್ಲಿ ಕಪ್ಪೆಯನ್ನು ಕುಪ್ಪಳಿಸಿದಂತೆ ಆಡಿಸಬೇಕು. ಒಂದು ಸಂಜೆ ನಾವು ಹಾಗೆ ನಿಂತಿದ್ದಾಗ ನೀರಿನ ಮೇಲೆ ತಟ್ಟೆಯಷ್ಟು ಅಗಲದ ಕೆಂಪು ಮೋಡದಂಥದ್ದು ತೇಲಿ ಬಂತು. ಬಗ್ಗಿ ನೋಡಿದರೆ ನೂರಾರು ಮರಿಗಳು. ಒಂದೊಂದೂ ಭತ್ತದ ಕಾಳಿನಷ್ಟು. ಎಲ್ಲ ಒಟ್ಟಿಗೆ ಮೇಲೆದ್ದು ಗಾಳಿ ಗುಟುಕರಿಸಿ ಒಟ್ಟಿಗೆ ಇಳಿಯುತ್ತಿದ್ದವು. ಅವುಗಳ ಕೆಳಗೆ ಮೊಳಕೈ ಉದ್ದದ ಕಪ್ಪು ನೆರಳು ಮೆಲ್ಲಗೆ ಸುತ್ತು ಹೊಡೆಯುತ್ತಿತ್ತು. ಮರಿ ಕಾಯುವ ಕೊರವ ಎದುರಿಗೆ ಏನು ಬಂದರೂ ಕಚ್ಚುತ್ತದೆ. ಕಪ್ಪೆ ಬಿಟ್ಟಿದ್ದರೆ ಆ ಕ್ಷಣವೇ ಸಿಗುತ್ತಿತ್ತು. ನಾನು ಮಾಮಾನ ಅಂಗಿ ಜಗ್ಗಿದೆ. ಅವನು ಕೋಲು ಮೇಲೆತ್ತಿಬಿಟ್ಟ.

"ಆಕಿ ಮಕ್ಕಳನ್ನ ಕರಕೊಂಡು ಹೊಂಟಾಳ, ಅಳಿಯಾ. ಇವತ್ತ ಬ್ಯಾಡ."

ಆ ಮಾತಿನಲ್ಲಿ ಒಂದು ಪೂರಾ ಕಾಯ್ದೆ ಇತ್ತು ಅಂತ ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಯಾರೂ ನೋಡುತ್ತಿರಲಿಲ್ಲ. ದಂಡ ಹಾಕುವವರಿರಲಿಲ್ಲ. ಅವತ್ತು ರಾತ್ರಿ ಮನೆಯಲ್ಲಿ ಬರೀ ರೊಟ್ಟಿ, ಹಿಂಡಿ ಚಟ್ನಿ.

ಟ್ರೆಂಟ್‌ನಲ್ಲಿ ನನಗೆ ಗಾಳ ಕಲಿಸಿದವರು ನಮ್ಮ ಪಕ್ಕದ ಮನೆಯ ನಿವೃತ್ತ ಅಜ್ಜ. ಮೊದಲ ಬಾರ್ಬೆಲ್ ಸಿಕ್ಕಾಗ ಅವರು ಹೇಳಿದ್ದು, ಮೊದಲು ಕೈ ಒದ್ದೆ ಮಾಡಿಕೋ ಅಂತ. ಒಣ ಕೈಯಿಂದ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಹೋಗುತ್ತದೆ, ಆಮೇಲೆ ರೋಗ ಬರುತ್ತದೆ. ಗಂಟಿಲ್ಲದ ಬಲೆಯಲ್ಲಿ ಎತ್ತಿ, ಒದ್ದೆ ಚಾಪೆಯ ಮೇಲಿಟ್ಟು ಕೊಕ್ಕೆ ಬಿಡಿಸಿದೆವು. ಬಂಗಾರದ ಬಣ್ಣ, ಮೂತಿಯಲ್ಲಿ ನಾಲ್ಕು ಮೀಸೆ. ನಮ್ಮ ಮಹಶೀರ್ ಮೀನಿನ ಬಳಗದ್ದೇ ಇದು, ಹೋಲಿಕೆ ಎದ್ದು ಕಾಣುತ್ತದೆ. ಬಾರ್ಬೆಲ್ ಉಸಿರು ಹೋಗುವವರೆಗೂ ಹೋರಾಡುವ ಮೀನು. ಸುಮ್ನೆ ನೀರಿಗೆ ಎಸೆದರೆ ಮಗುಚಿಕೊಂಡು ಸಾಯುತ್ತದೆ. ಅದಕ್ಕೆ ಅಜ್ಜ ಮೊಣಕಾಲುದ್ದ ನೀರಿಗಿಳಿದು, ಮೀನಿನ ತಲೆ ಹರಿವಿನ ಕಡೆ ತಿರುಗಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಐದು ನಿಮಿಷ ಆಗಿರಬಹುದು. ಕಿವಿರು ಮೆಲ್ಲಗೆ ಆಡುತ್ತಾ ಆಡುತ್ತಾ ಜೋರಾಯಿತು. ಬಾಲ ಒಮ್ಮೆ ಬೀಸಿತು, ಹೋಯಿತು.

ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಹಿಡದು ಬಿಡೋದಾದ್ರ, ಹಿಡಿಯೋದ್ಯಾಕೋ?"

ಈ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಹಿಡಿದು ಬಿಡುವ ಈ ಆಟವನ್ನು ನಮ್ಮ ಕೃಷ್ಣಾ, ಮಲಪ್ರಭಾ ದಂಡೆಗೂ ತರಬೇಕು, ಪ್ರವಾಸಿಗಳು ಬರುತ್ತಾರೆ ಅಂತ ಹೇಳುವ ಗೆಳೆಯರಿದ್ದಾರೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಯಲ್ಲಿ ಆ ಆಟ ವರ್ಷಗಟ್ಟಲೆ ನಡೆದಿತ್ತು. ಮುಷ್ಟಿಗಾತ್ರದ ರಾಗಿ ಉಂಡೆ ಕಟ್ಟಿ ಮಹಶೀರ್ ಹಿಡಿದು, ತೂಗಿ, ಬಿಡುತ್ತಿದ್ದರು. ಕಳ್ಳಬೇಟೆ ತಡೆಯಲು ಅದು ನೆರವಾಯಿತು, ಒಪ್ಪೋಣ. ಆದರೆ ಇನ್ನೊಂದು ಕಡೆಯಿಂದ ಪೆಟ್ಟು ಬಿತ್ತು. ಲೋಣಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು. ಅವು ಹಬ್ಬಿಕೊಂಡವು. ಕಾವೇರಿಯದೇ ಆದ, ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ ಕಡಿಮೆಯಾಗುತ್ತಾ ಹೋಯಿತು. 2018ರಲ್ಲಿ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಆ ನೀಲಿ ರೆಕ್ಕೆಯದು ನಮ್ಮ ಕಡೆಯ ಮೀನು ಅನ್ನೋದು ನನಗೆ ಜಾಸ್ತಿ ಸಂಕಟ ಕೊಡುತ್ತದೆ. 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ಪುಣೆಯ ಮುಳಾ-ಮುಠಾ ನದಿಯ ಮೀನು ನೋಡಿ ಅದಕ್ಕೆ ಖುದ್ರೀ ಅಂತ ಹೆಸರಿಟ್ಟ. ಆ ನೀರು ಭೀಮೆಗೆ ಸೇರಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಅಂಚಿಗೆ ಬರುತ್ತದೆ, ಮುಂದೆ ಕೃಷ್ಣೆಗೆ ಸೇರುತ್ತದೆ. ತನ್ನ ನೀರಿನಲ್ಲಿ ಅದು ಮನೆಮಗ. ಬೇರೆ ನೀರಿಗೆ ಒಯ್ದು ಬಿಟ್ಟರೆ ಅಲ್ಲಿಯವರ ಅನ್ನ ಕಸಿಯುತ್ತದೆ. ಮೀನು ತಂದು ಸುರಿಯುವುದಕ್ಕಿಂತ ಇರುವ ಮೀನಿಗೆ ಹೆರಿಗೆಯ ಪುರುಸೊತ್ತು ಕೊಡುವುದು ದೊಡ್ಡ ಕೆಲಸ ಅಂತ ನಾನು ಹೇಳುವುದು ಇದಕ್ಕೇ.

ನಮ್ಮಲ್ಲಿ ಆ ಹೆರಿಗೆಯ ಕಾಲ ಯಾವುದು? ಮುಂಗಾರು. ಬಾಗಲಕೋಟೆಯಲ್ಲಿ ಒಂದು ಹನಿ ಬಿದ್ದಿರುವುದಿಲ್ಲ. ಆದರೆ ಅತ್ತ ಮಹಾಬಳೇಶ್ವರದ ಕಡೆ, ಘಟ್ಟದಲ್ಲಿ ಮಳೆ ಹಿಡಿದಿರುತ್ತದೆ. ಒಂದು ಬೆಳಿಗ್ಗೆ ಹೊಳೆ ಕೆಂಪಗೆ ಬರುತ್ತದೆ. ಹೊಸ ನೀರಿನ ವಾಸನೆಗೆ ಮೀನು ಎದುರು ಈಜಿ ಹಳ್ಳದ ಬಾಯಿಗಳಿಗೆ, ತೆಳು ನೀರಿಗೆ ನುಗ್ಗುತ್ತವೆ, ಮೊಟ್ಟೆ ಇಡಲು. ಸರಿಯಾಗಿ ಅಲ್ಲಿಯೇ ಜನ ಬಲೆ ಹಿಡಿದು ನಿಂತಿರುತ್ತಾರೆ. ಕಾನೂನಿನ ಮಾತು ಬದಿಗಿಡಿ, ನಾನು ದಂಡೆಯ ಮೇಲೆ ಕಂಡದ್ದು ಹೇಳುತ್ತೇನೆ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಊರಿಗೆ ಬಂದಿದ್ದೆ. ಬುಟ್ಟಿಯಲ್ಲಿದ್ದ ಒಂದೊಂದು ಮೀನಿನ ಹೊಟ್ಟೆಯೂ ಉಬ್ಬಿತ್ತು. ಮಾರುವವನು ಹೆಬ್ಬೆರಳಿನಿಂದ ಒತ್ತಿ ತೋರಿಸಿದ. ನವಣೆ ಕಾಳಿನಂಥ ಮೊಟ್ಟೆ ಹೊರಗೆ ಬಂತು. "ತತ್ತಿ ಮೀನ ರೀ, ಇವತ್ತ ಸಿಗೋದು, ನಾಳಿ ಇಲ್ಲ" ಅಂದ. ರುಚಿ ಜಾಸ್ತಿ ಅಂತ ಜನ ಮುಗಿಬಿದ್ದಿದ್ದರು. ಒಂದು ದೊಡ್ಡ ರೋಹುವಿನ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇರುತ್ತವೆ.

ಸಿಡಿಮದ್ದಿನ ವಿಷಯ ಬರೆಯಲು ಕೈ ಬರುವುದಿಲ್ಲ. 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಅದನ್ನೂ ವಿಷ ಹಾಕುವುದನ್ನೂ ಅಪರಾಧ ಅಂತ ಬರೆದಿಟ್ಟಿದ್ದಾರೆ. ಆದರೂ ನಾನು ಅದರ ಸದ್ದು ಕೇಳಿದ್ದೇನೆ. ಮೇಲೆ ತೇಲಿದ್ದನ್ನು ಆರಿಸಿಕೊಂಡು ಹೋಗುತ್ತಾರೆ. ತಳಕ್ಕಿಳಿದದ್ದು ಅಲ್ಲೇ ಕೊಳೆಯುತ್ತದೆ.

ಮಲ್ಪೆ, ಮಂಗಳೂರಿನ ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ. ಆ ತಿಂಗಳುಗಳಿಗೆ ಮೀನುಗಾರರಿಗೆ ನೆರವಿನ ಯೋಜನೆಯೂ ಇದೆ. ಕಡಲಿನವರು ಒಪ್ಪಿಕೊಂಡು ನಡೆಯುವುದನ್ನು ಹೊಳೆಯವರೂ ನಡೆಸಬಹುದು ಅಲ್ವಾ? ಆದರೆ ನೆರವಿನ ಮಾತು ಮೊದಲು ಬರಬೇಕು. ಟ್ರೆಂಟ್ ದಂಡೆಯ ಅಜ್ಜನಿಗೆ ಮೂರು ತಿಂಗಳು ಮೀನು ಸಿಗದಿದ್ದರೆ ಬೇಜಾರಾಗುತ್ತದೆ, ಅಷ್ಟೇ. ನಮ್ಮ ಅಂಬಿಗರ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಇಲ್ಲಿಯ ಕಾಯ್ದೆಯನ್ನು ಹಾಗೇ ಎತ್ತಿಕೊಂಡು ಹೋಗಿ ಅವರ ಮೇಲೆ ಹೇರಿದರೆ ಅದು ಅನ್ಯಾಯ.

ಇಲ್ಲಿಯದೇ ಇನ್ನೊಂದು ನಿಯಮ ನಮಗೆ ಸರಿಹೊಂದೀತು. ಇಂಗ್ಲೆಂಡಿನ ನದಿಯಲ್ಲಿ ದಿನಕ್ಕೆ ಒಂದು ಪೈಕ್ ಮನೆಗೆ ಒಯ್ಯಬಹುದು, ಅದೂ 65 ಸೆಂಟಿಮೀಟರಿಗಿಂತ ಉದ್ದ ಇರಬಾರದು. ನಾನು ಮೊದಲು ತಿರುವುಮುರುವಾಗಿ ಓದಿಕೊಂಡಿದ್ದೆ. ಸಣ್ಣದನ್ನು ಬಿಟ್ಟು ದೊಡ್ಡದನ್ನು ಒಯ್ಯುವುದಲ್ಲವೇ ವಾಡಿಕೆ? ಅಜ್ಜ ವಿವರಿಸಿದರು: ಪೈಕ್‌ನಲ್ಲಿ ತೀರಾ ದೊಡ್ಡದು ಅಂದರೆ ಹೆಣ್ಣು, ರಾಶಿ ಮೊಟ್ಟೆ ಇಡುವ ತಾಯಿ. ಊಟಕ್ಕೆ ನಡುವಿನದು ಸಾಕು. ನಮ್ಮ ಸಂಕ್ರಾಂತಿಯ ಕಾಲಕ್ಕೂ ಬೇಸಿಗೆಗೂ ಇದನ್ನು ಪಾಲಿಸಿದರೆ ಯಾರ ಹೊಟ್ಟೆಗೂ ಹೊಡೆತ ಬೀಳುವುದಿಲ್ಲ.

ತಾರೀಖು ಮಾತ್ರ ಅವರದು ನಮಗಾಗದು. ಇವರ ನದಿ ತೆರೆಯುವ ಹೊತ್ತಿಗೆ ಸರಿಯಾಗಿ ನಮ್ಮ ಹೊಳೆ ಮುಚ್ಚಬೇಕು. ಹೋದ ವರ್ಷ ಜೂನ್ 16ರ ನಸುಕಿನಲ್ಲಿ, ಎರಡು ಚಬ್ ಹಿಡಿದು ಬಿಟ್ಟು, ದಂಡೆಯಿಂದಲೇ ಮಾಮಾನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಕು ಹರಿದು ಬಹಳ ಹೊತ್ತಾಗಿತ್ತು. ಪುನರ್ವಸತಿ ಕೇಂದ್ರದ ಮನೆಯಿಂದ ಹಿನ್ನೀರಿನ ತನಕ ಈಗಲೂ ಅವನು ದಿನಾ ನಡೆದು ಹೋಗುತ್ತಾನೆ.

"ನೀರ ಬಂತೇನ ಮಾಮಾ?"

"ಇನ್ನೂ ಇಲ್ಲ. ಗಾಳಿ ಬದಲಾಗೇತಿ, ಈ ವಾರದಾಗ ಬರತೈತಿ."

"ಗಾಳ?"

"ಮಾಳಿಗಿ ತೊಲಿಗೆ ಸಿಗಿಸೀನಿ. ದಾರ ಬಿಚ್ಚಿ ಒಣಗಾಕ ಹಾಕೀನಿ. ಇನ್ನ ದಸರಾಕ್ಕ ತಗೀತೀನಿ ನೋಡು."