ಎರಡನೇ ಭಾಗದ ಗ್ರಹಚಾರ

ಹಳೇ ಗೇಮ್ ಕಂಪನಿಗಳಲ್ಲಿ ಸಿಯೆರಾ ಆನ್-ಲೈನ್ ಅಂತ ಒಂದಿತ್ತು, ಕ್ಯಾಲಿಫೋರ್ನಿಯಾದ ಓಕ್‌ಹರ್ಸ್ಟ್ ಅನ್ನೋ ಸಣ್ಣ ಊರಲ್ಲಿ. ಈ ಕಂಪನಿಗೆ ಒಂದು ಚಾಳಿ, ತನ್ನ ಹಳೇ ಗೇಮ್‌ಗಳಿಗೆ ಹೊಸ ಬಣ್ಣ ಬಳಿದು ಮತ್ತೆ ಮಾರೋದು, ಆದ್ರೆ ಯಾವ ಸರಣಿ ತಗೊಂಡ್ರೂ ಮೊದಲನೇ ಭಾಗಕ್ಕೆ ಮಾತ್ರ. 1990ರಲ್ಲಿ ಕಿಂಗ್ಸ್ ಕ್ವೆಸ್ಟ್ ಒಂದು, 1991ರಲ್ಲಿ ಸ್ಪೇಸ್ ಕ್ವೆಸ್ಟ್ ಒಂದು, 1992ರಲ್ಲಿ ಪೊಲೀಸ್ ಕ್ವೆಸ್ಟ್ ಒಂದು, ಅದೇ ವರ್ಷ ಕ್ವೆಸ್ಟ್ ಫಾರ್ ಗ್ಲೋರಿ ಒಂದು. ಅಲ್ಲಿಗೆ ಮುಗೀತು, ಎರಡನೇ ಭಾಗದ ಸರದಿ ಯಾವ ಸರಣಿಗೂ ಬರ್ಲೇ ಇಲ್ಲ. ಮನೇಲಿ ಎರಡನೇ ಮಗನಾಗಿ ಹುಟ್ಟಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ದೀಪಾವಳಿಗೆ ಹೊಸ ಅಂಗಿ ಅಣ್ಣನಿಗೆ, ಅಣ್ಣನ ಹೋದ ವರ್ಷದ ಅಂಗಿ ತಮ್ಮನಿಗೆ, ಕೇಳಿದ್ರೆ "ಚೆನ್ನಾಗೇ ಇದೆಯಲ್ಲೋ, ಹರಿದಿದ್ಯಾ?"

ಹಂಗೆ ಮೂಲೆಗೆ ಬಿದ್ದ ತಮ್ಮಂದಿರಲ್ಲಿ ನಂಗೆ ತುಂಬ ಪ್ರೀತಿ ಇರೋದು ಸ್ಪೇಸ್ ಕ್ವೆಸ್ಟ್ ಎರಡರ ಮೇಲೆ. 1987ರ ಗೇಮು, ಪೂರ್ತಿ ಹೆಸರಲ್ಲಿ 'ವೋಹಾಲ್ಸ್ ರಿವೆಂಜ್' ಅನ್ನೋ ಬಾಲ ಬೇರೆ. ಮಾಡಿದವರು ಮಾರ್ಕ್ ಕ್ರೋ ಮತ್ತೆ ಸ್ಕಾಟ್ ಮರ್ಫಿ, ತಮ್ಮನ್ನ ತಾವೇ ಆಂಡ್ರೊಮಿಡಾದಿಂದ ಬಂದ ಇಬ್ಬರು ಅಂತ ಕರ್ಕೊಂಡು, ಹಂದಿ ಮೂತಿ ಹಾಕ್ಕೊಂಡು, ತಲೆ ಮೇಲೆ ಜುಟ್ಟು ನಿಲ್ಲಿಸ್ಕೊಂಡು ಫೋಟೋಗೆ ಪೋಸ್ ಕೊಟ್ಟ ಆಸಾಮಿಗಳು. ಮೂರನೇ ಭಾಗದಲ್ಲಂತೂ ತಮ್ಮನ್ನೇ ಒಂದು ಸಾಫ್ಟ್‌ವೇರ್ ಕಂಪನಿ ಅಪಹರಿಸಿ ಗೇಮ್ ಬರೆಯೋಕೆ ಕೂರಿಸಿದೆ ಅಂತ ಕಥೆ ಮಾಡಿದ್ರು. ಬೆಂಗಳೂರಲ್ಲಿ ಐಟಿ ಕೆಲಸ ಮಾಡೋರು ಅದನ್ನ ಸೈನ್ಸ್ ಫಿಕ್ಷನ್ ಅಂತ ಒಪ್ಪೋದು ಕಷ್ಟ ಬಿಡಿ.

ಇದರ ಹೀರೋ ರೋಜರ್ ವಿಲ್ಕೋ, ಕಸ ಗುಡಿಸೋನು. ಮೊದಲನೇ ಭಾಗದಲ್ಲಿ ಶತ್ರುಗಳು ಇವನಿದ್ದ ಹಡಗಿಗೆ ನುಗ್ಗಿ ಎಲ್ಲರನ್ನೂ ಕೊಂದಾಗ ಇವನು ಉಳಿದಿದ್ದು ಶೌರ್ಯದಿಂದ ಅಲ್ಲ, ಪೊರಕೆ ಇಡೋ ಗೂಡಲ್ಲಿ ನಿದ್ದೆ ಹೊಡೀತಿದ್ದ ಅಂತ. ಆಮೇಲೆ ಹೆಂಗೋ ಏನೋ ಲೋಕ ಉಳಿಸಿದ, ಹಾರ ತುರಾಯಿ ಎಲ್ಲಾ ಆಯ್ತು. ಎರಡನೇ ಭಾಗ ಶುರುವಾದಾಗ ಅದೇ ಮಹಾಶಯ ಒಂದು ಅಂತರಿಕ್ಷ ನಿಲ್ದಾಣದ ಹೊರಮೈ ಮೇಲೆ ಸ್ಪೇಸ್ ಸೂಟ್ ಹಾಕ್ಕೊಂಡು ಪೊರಕೆ ಆಡಿಸ್ತಿರ್ತಾನೆ. ಬಡ್ತಿ ಸಿಕ್ಕಿದೆ, ಈಗ ಇವನು ಹೆಡ್ ಜಾನಿಟರ್, ಕೈ ಕೆಳಗೆ ಮಾತ್ರ ಒಬ್ಬನೂ ಇಲ್ಲ.

ವಿಲನ್ ಸ್ಲಡ್ಜ್ ವೋಹಾಲ್ ಇವನನ್ನ ಹೊತ್ಕೊಂಡು ಹೋಗ್ತಾನೆ, ಸೇಡು ತೀರಿಸ್ಕೊಳ್ಳೋಕೆ. ಅವನ ಮಹಾ ಪ್ಲಾನ್ ಏನು ಗೊತ್ತಾ? ಬಾಂಬಲ್ಲ, ವಿಷಾನಿಲ ಅಲ್ಲ. ಲೈಫ್ ಇನ್ಶೂರೆನ್ಸ್ ಏಜೆಂಟರನ್ನ ಕ್ಲೋನ್ ಮಾಡಿ, ಲೆಕ್ಕ ಇಲ್ಲದಷ್ಟು ಜನರನ್ನ ತಯಾರಿಸಿ, ಜೆನಾನ್ ಗ್ರಹದ ಮನೆಮನೆ ಬಾಗಿಲಿಗೆ ಬಿಡೋದು. ಅಮೆರಿಕದವರು ಬರೆದ ಜೋಕು, ನಮ್ಮಲ್ಲಿ ಇನ್ನೂ ಜೋರಾಗೇ ತಟ್ಟತ್ತೆ, ಯಾಕಂದ್ರೆ ನಮ್ಮಲ್ಲಿ ಏಜೆಂಟ್ ಅಪರಿಚಿತ ಆಗಿರಲ್ಲ, ದೊಡ್ಡಪ್ಪನ ಷಡ್ಡಕ ಆಗಿರ್ತಾರೆ. ಕಾಫಿ ಕೊಡ್ಬೇಕು, ಉಪ್ಪಿಟ್ಟು ಕೊಡ್ಬೇಕು, ಕೊನೆಗೆ ಪಾಲಿಸೀನೂ ತಗೋಬೇಕು. ಪಾಪ ವೋಹಾಲ್‌ಗೆ ಈ ಸಂಬಂಧಿಕರ ಐಡಿಯಾ ಹೊಳೆದಿರ್ಲಿಲ್ಲ, ಇಲ್ದಿದ್ರೆ ಕ್ಲೋನಿಂಗ್ ಖರ್ಚು ಉಳೀತಿತ್ತು.

ಮೂಲ ಗೇಮಲ್ಲಿ ಇದ್ದಿದ್ದು ಹದಿನಾರೇ ಬಣ್ಣ, ಚುಕ್ಕಿಗಳೂ ದಪ್ಪ ದಪ್ಪ, ರೋಜರ್‌ನ ಮುಖ ಅಂದ್ರೆ ಗುಲಾಬಿ ಬಣ್ಣದ ಮೂರ್ನಾಲ್ಕು ಚೌಕ. ಏನ್ ಮಾಡ್ಬೇಕು ಅನ್ನೋದನ್ನ ಕೀಬೋರ್ಡಲ್ಲಿ ಇಂಗ್ಲಿಷಲ್ಲಿ ಟೈಪ್ ಮಾಡ್ಬೇಕಿತ್ತು, ಸ್ಪೆಲಿಂಗ್ ತಪ್ಪಿದ್ರೆ ಅರ್ಥ ಆಗ್ಲಿಲ್ಲ ಅಂತಿತ್ತು. ಇನ್ನು ನಡೆಸೋದು ಆರೋ ಕೀನಲ್ಲಿ, ಅದರದ್ದೊಂದು ವಿಚಿತ್ರ ಅಂದ್ರೆ ಒಂದ್ಸಲ ಒತ್ತಿದ್ರೆ ಅವನು ನಡೀತಾನೇ ಇರ್ತಿದ್ದ, ನಿಲ್ಲಿಸೋಕೆ ಮತ್ತೆ ಅದನ್ನೇ ಒತ್ತಬೇಕು. ಈಗ ಲೇಬಿಯನ್ ಅನ್ನೋ ಕಾಡುಗ್ರಹದಲ್ಲಿ ಮನುಷ್ಯರನ್ನ ತಿನ್ನೋ ಒಂದು ಗಿಡ ಇದೆ, ಸ್ಕ್ರೀನ್ ತುಂಬ ಅದರ ಬೇರುಗಳು ಹಾವಿನ ಥರ ಹರಡ್ಕೊಂಡಿವೆ, ಆ ಬೇರುಗಳ ಸಂದೀಲಿ ನಡ್ಕೊಂಡು ಹೋಗಿ ನಡುವೆ ಇರೋ ಪೊದೇಲಿ ಹಣ್ಣು ಕಿತ್ಕೊಂಡು ವಾಪಸ್ ಬರ್ಬೇಕು, ಬೇರು ಒಂಚೂರು ತಗುಲಿದ್ರೆ ಸಾವು. ಮೊದಲೇ ನಿಲ್ಲದ ಮನುಷ್ಯ, ಅವನಿಗೆ ಈ ಸಂದಿ. ಎರಡು ಹೆಜ್ಜೆ, ಸೇವ್. ಒಂದು ಹೆಜ್ಜೆ, ಸೇವ್. ಬೆರಳು ಸ್ವಲ್ಪ ತಡ ಆಯ್ತು, ಗಿಡ ನುಂಗ್ತು, ಮೇಲೊಂದು ಕುಹಕದ ಮಾತು, ರೀಸ್ಟೋರ್. ಇಷ್ಟೆಲ್ಲಾ ಪಾಡು ಪಟ್ಟು ತಂದ ಹಣ್ಣನ್ನ ತಿನ್ನೋ ಹಾಗಿಲ್ಲ, ಮೈಗೆ ಉಜ್ಕೋಬೇಕು, ಆಗ ಮಾತ್ರ ಮುಂದೆ ಜೌಗು ನೆಲದಲ್ಲಿರೋ ರಾಕ್ಷಸ ಇವನನ್ನ ಬಾಯಿಗೆ ಹಾಕ್ಕೊಂಡು ರುಚಿ ಕೆಟ್ಟು ಉಗೀತಾನೆ.

ಇಂಥ ಗೇಮನ್ನ ಕಂಪನಿ ಕೈಬಿಟ್ಟ ಮೇಲೆ, ಕಂಪನೀನೇ ಕೈಬಿಟ್ಟು ಹೋದ ಮೇಲೆ (1999ರಲ್ಲಿ ಓಕ್‌ಹರ್ಸ್ಟ್ ಸ್ಟುಡಿಯೋಗೇ ಬೀಗ ಬಿತ್ತು), ಇನ್‌ಫೇಮಸ್ ಅಡ್ವೆಂಚರ್ಸ್ ಅನ್ನೋ ಅಭಿಮಾನಿಗಳ ಗುಂಪು ಎತ್ಕೊಳ್ತು. 2006ರಲ್ಲಿ ಇವರೇ ಕಿಂಗ್ಸ್ ಕ್ವೆಸ್ಟ್ ಮೂರನ್ನ ಮತ್ತೆ ಮಾಡಿದ್ರು, ಆಮೇಲೆ ನಮ್ಮ ಸ್ಪೇಸ್ ಕ್ವೆಸ್ಟ್ ಎರಡಕ್ಕೆ ಕೈ ಹಾಕಿ 2012ರ ಹೊಸ ವರ್ಷದ ಆಸುಪಾಸಲ್ಲಿ ಬಿಟ್ರು, ಪುಕ್ಕಟೆ. ಬಳಸಿದ್ದು ಅಡ್ವೆಂಚರ್ ಗೇಮ್ ಸ್ಟುಡಿಯೋ ಅನ್ನೋ ಸಾಫ್ಟ್‌ವೇರು, ಕ್ರಿಸ್ ಜೋನ್ಸ್ ಅನ್ನೋ ಬ್ರಿಟಿಷ್ ಪ್ರೋಗ್ರಾಮರ್ 1997ರಲ್ಲಿ ಶುರು ಮಾಡಿದ್ದು, ಅದೂ ಪುಕ್ಕಟೆ. ಎಜಿಡಿ ಇಂಟರಾಕ್ಟಿವ್ ಅಂತ ಇನ್ನೊಂದು ಗುಂಪಿದೆ, ಅವರು ಕಿಂಗ್ಸ್ ಕ್ವೆಸ್ಟ್‌ನ ಎರಡನೇ ಭಾಗಾನೂ ಕ್ವೆಸ್ಟ್ ಫಾರ್ ಗ್ಲೋರಿಯ ಎರಡನೇ ಭಾಗಾನೂ ಮಾಡಿದ್ರು. ಗಮನಿಸಿದ್ರಾ, ಎರಡು, ಎರಡು, ಎರಡು. ಕಂಪನಿ ಹೊಸ ಅಂಗಿ ಹೊಲಿಸದೆ ಬಿಟ್ಟ ತಮ್ಮಂದಿರನ್ನೇ ಹುಡುಕ್ಕೊಂಡು ಹೋಗಿದಾರೆ.

ನಮ್ಮ ಕಡೆ ರೀಮೇಕ್ ಅಂದ್ರೆ ಮೂಗು ಮುರಿಯೋರೇ ಜಾಸ್ತಿ, ಪಕ್ಕದ ಭಾಷೇಲಿ ಚೆನ್ನಾಗಿ ಓಡಿದ್ದನ್ನ ತಂದು ಇಲ್ಲೂ ಕಾಸು ಮಾಡೋದು ಅಂತ. ಇಲ್ಲಿ ಪೂರ್ತಿ ಉಲ್ಟಾ. ಓಡೋದು ನಿಂತು ಎರಡು ದಶಕ ಆಗಿರೋದನ್ನ ತಗೊಂಡು, ಒಂದು ಪೈಸೆ ಹುಟ್ಟಲ್ಲ ಅಂತ ಗೊತ್ತಿದ್ದೂ, ಹಕ್ಕು ಯಾವುದೋ ದೊಡ್ಡ ಕಂಪನಿ ಹತ್ರ ಇದೆ, ನಾಳೆ ವಕೀಲರ ಪತ್ರ ಬಂದ್ರೆ ಎಲ್ಲಾ ನೀರಲ್ಲಿ ಹೋಮ ಅಂತ ಗೊತ್ತಿದ್ದೂ, ಒಂದೊಂದು ದೃಶ್ಯ ಕೂತು ಬರೀತಾರೆ. ಯಾಕೆ ಅಂತ ಕೇಳಿದ್ರೆ ಉತ್ತರ ಬಹುಶಃ ತುಂಬ ಸಣ್ಣದು ಅನ್ಸತ್ತೆ ನಂಗೆ, ಸಾಲಾಗಿ ಇಟ್ಟಾಗ ಒಂದಕ್ಕೆ ಬಣ್ಣ ಇದೆ, ನಾಲ್ಕಂತೂ ಹುಟ್ಟಿದ್ದೇ ಬಣ್ಣದಲ್ಲಿ, ನಡುವಿನದು ಬೋಳು ಬೋಳು ಕಾಣತ್ತೆ, ಅದು ಕಣ್ಣಿಗೆ ಚುಚ್ಚತ್ತೆ.

ಆಡ್ತಾ ಕೂತಿದ್ದಾಗ ಅಕ್ಕನ ಮಗ ಹಿಂದೆ ಬಂದು ನಿಂತ.

"ಮಾವ, ಇದರಲ್ಲಿ ಗನ್ ಎಲ್ಲಿ ಸಿಗತ್ತೆ?"

"ಗನ್ ಇಲ್ಲ ಕಣೋ, ಇವನು ಕಸ ಗುಡಿಸೋನು."

"ಮತ್ತೆ ಸಾಯ್ತಾನೇ ಇದಾನಲ್ಲ?"

ಹೌದು, ಅದೇ ಗೇಮು. ಸಾಯೋದೇ ಇದರ ಅರ್ಧ ಮಜಾ. ಹುಡುಗ ಎರಡು ನಿಮಿಷ ನೋಡಿ ಹೋಗ್ತಾನೆ ಅನ್ಕೊಂಡೆ, ಕುರ್ಚಿ ಎಳ್ಕೊಂಡು ಕೂತ, ಆಮೇಲೆ ಅವನ ಕೆಲಸ ಒಂದೇ, "ಮಾವ, ಆ ಹಳ್ಳಕ್ಕೆ ಬೀಳಿಸು, ನೋಡಣ". ಇವರು ಬರೆದಿರೋ ಕಾಡು ನಿಜವಾಗ್ಲೂ ಚೆನ್ನಾಗಿದೆ, 1991ರ ಸಿಯೆರಾದವರೇ ಕೂತು ಬರೆದ್ರೇನೋ ಅನ್ನೋ ಹಾಗೆ, ಬೇಕಂತಲೇ ಆ ಕಾಲದ ಗ್ರಾಫಿಕ್ಸ್ ಮಟ್ಟಕ್ಕೇ ನಿಲ್ಲಿಸಿದಾರೆ, ತ್ರೀಡಿ ಗೀಡಿ ಅಂತ ಹೋಗಿಲ್ಲ. ಎಲ್ಲರಿಗೂ ದನಿ ಬಂದಿದೆ, ಮೊದಲು ಓದ್ಬೇಕಿದ್ದ ಕುಹಕ ಈಗ ಕಿವಿಗೇ ಬೀಳತ್ತೆ.

ಒಂದು ಮಾತ್ರ ನಂಗೆ ಖಾಲಿ ಖಾಲಿ ಅನ್ಸಿದ್ದು, ಟೈಪಿಂಗ್ ಹೋಗಿದ್ದು. ಈಗ ಕಣ್ಣಿನ ಚಿತ್ರ ಒತ್ತಿದ್ರೆ ನೋಡು, ಕೈ ಒತ್ತಿದ್ರೆ ಮುಟ್ಟು. ಸಲೀಸು, ಒಪ್ತೀನಿ. ಆದ್ರೆ ಖಾಲಿ ಗೆರೆ ಮುಂದೆ ಕೂತು ಗೇಮನ್ನ ಬೈಯೋ ಸುಖ ಕೈಗುರುತಿನ ಬಟನ್‌ನಲ್ಲಿ ಎಲ್ಲಿಂದ ಬರ್ಬೇಕು? ಸಿಯೆರಾದವರಿಗೂ ಇದು ಗೊತ್ತಿತ್ತೋ ಏನೋ, ಸ್ಪೇಸ್ ಕ್ವೆಸ್ಟ್ ನಾಲ್ಕರಲ್ಲಿ ಮೂಗು ನಾಲಿಗೆ ಬಟನ್‌ಗಳನ್ನೂ ಕೊಟ್ರು, ಕಂಡ ಗೋಡೆ ಮೂಸಬೋದು, ನೆಕ್ಕಬೋದು. ಉಪಯೋಗ ಏನೂ ಇಲ್ಲ, ತರಲೆಗೆ.

ಇನ್ನೊಂದು ಯೋಚನೆ ಬರ್ತಾ ಇರತ್ತೆ. ಹಳೇದನ್ನ ರಿಪೇರಿ ಮಾಡೋರು ಅದರ ಅನ್ಯಾಯಗಳನ್ನೂ ರಿಪೇರಿ ಮಾಡ್ಬೇಕಾ? ಮೂಲ ಗೇಮಲ್ಲಿ ವೋಹಾಲ್‌ನ ಕ್ಷುದ್ರಗ್ರಹದಲ್ಲಿ ಒಂದು ಕೋಣೆ ಇದೆ, ಒಳಗೆ ಹೋದ್ರೆ ಒಂದು ವಿಚಿತ್ರ ಪ್ರಾಣಿ ಓಡಿ ಬಂದು ರೋಜರ್‌ಗೆ ಮುತ್ತಿಟ್ಟು ಹೋಗತ್ತೆ. ಏನೂ ಆಗಲ್ಲ. ಆಟ ಮುಂದುವರಿಯತ್ತೆ, ಆಟಗಾರ ಅದನ್ನ ಮರೀತಾನೆ, ಎಲ್ಲಾ ಗೆದ್ದು 250 ಪಾಯಿಂಟಿನ ಹತ್ರ ಬಂದಾಗ ಹೊಟ್ಟೆ ಸೀಳ್ಕೊಂಡು ಮರಿ ಹೊರಗೆ ಬರತ್ತೆ. ಆ ಮುತ್ತಿಗೆ ಮುಂಚಿನ ಸೇವ್ ಇಲ್ಲ ಅಂದ್ರೆ ಮೊದಲಿಂದ ಆಡು. ಇದು ಅನ್ಯಾಯನಾ? ನೂರಕ್ಕೆ ನೂರು. ಆದ್ರೆ ಇದನ್ನ ಸರಿ ಮಾಡಿದ್ರೆ ಜೋಕೇ ಸತ್ತೋಗತ್ತೆ, ಯಾಕಂದ್ರೆ ಜೋಕು ಇದ್ದಿದ್ದು ಮುತ್ತಲ್ಲಿ ಅಲ್ಲ, ನಾವು ಅಷ್ಟು ಹೊತ್ತು ಏನೂ ಆಗಿಲ್ಲ ಅನ್ಕೊಂಡು ನೆಮ್ಮದಿಯಾಗಿ ಓಡಾಡಿದ್ವಲ್ಲ, ಅದರಲ್ಲಿ. ಬೇರು ಗಿಡದ್ದು ಬೇರೆ, ಅದು ಬರೀ ಬೆರಳಿನ ಹಿಂಸೆ, ಅದನ್ನ ಯಾರಾದ್ರೂ ಸಲೀಸು ಮಾಡಿದ್ರೆ ನಾನು ಕೈ ಮುಗೀತೀನಿ. ಅಂದ್ರೆ ಯಾವ ಕಷ್ಟ ತಮಾಷೆ, ಯಾವ ಕಷ್ಟ ಬರೀ ಕಷ್ಟ ಅಂತ ಅಳೆದು ನೋಡೋ ಕಣ್ಣು ರೀಮೇಕ್ ಮಾಡೋನಿಗೆ ಬೇಕು. ಬಣ್ಣ ಬಳಿಯೋದು ಅದಕ್ಕಿಂತ ಸುಲಭ.

ಆಡೋಕೆ ಕೂರೋರಿಗೆ ಒಂದು ಸುಳಿವು ಕೊಟ್ಬಿಡ್ತೀನಿ, ಬೈಕೋಬೇಡಿ. ವೋಹಾಲ್‌ನ ಅಡ್ಡೇಲಿ ಟಾಯ್ಲೆಟ್ ಕಂಡ್ರೆ ಒಳಗೆ ಹೋಗಿ ಪೇಪರ್ ಸುರುಳಿ ಕಿತ್ಕೊಂಡು ಬನ್ನಿ, ಕಸದ ಬುಟ್ಟೀನೂ ಎತ್ಕೊಳ್ಳಿ, ಜಾನಿಟರ್ ಗೂಡಲ್ಲಿ ನೇತಾಕಿರೋ ಬಟ್ಟೆ ಜೇಬಲ್ಲಿ ಲೈಟರ್ ಇರತ್ತೆ. ರೋಬೋಟ್‌ಗಳು ಮುತ್ತಿಗೆ ಹಾಕಿದಾಗ ಬುಟ್ಟೀಲಿ ಪೇಪರ್ ಹಾಕಿ ಬೆಂಕಿ ಹಚ್ಚಿ, ಮೇಲಿಂದ ಸ್ಪ್ರಿಂಕ್ಲರ್ ನೀರು ಸುರಿದು ಅವುಗಳ ಸರ್ಕ್ಯೂಟ್ ಸುಟ್ಟು ನಿಂತೋಗ್ತವೆ. ನಮ್ಮ ಹುಡುಗ ಅಷ್ಟು ಹೊತ್ತು ಗನ್ ಗನ್ ಅಂತಿದ್ದೋನು ಆಮೇಲೆ ಕೇಳ್ತಿದ್ದಿದ್ದು, "ಮಾವ, ಇನ್ನೊಂದು ರೋಲ್ ಇಲ್ವಾ?"